ಪುರುಷರಿಗೆ ಮಾತ್ರ ಇರುವ ಗಾಲ್ಫ್ ಕ್ಲಬ್ಬು: ನನ್ನ ಮತ ಯಾವ ಕಡೆಗೆ?

ಪ್ರಶ್ನೆ: ಮೇಡಂ, ನಾನು ಧಾರವಾಡದವನು. ವೈದ್ಯನಾಗಿ 22 ವರ್ಷಗಳಿಂದ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಊರೊಂದರಲ್ಲಿ ಇದ್ದೇನೆ. 11 ವರ್ಷಗಳಿಂದ ಇಲ್ಲಿನ ಖಾಸಗಿ ಗಾಲ್ಫ್ ಕ್ಲಬ್ಬಿನ ಸದಸ್ಯ. ನಮ್ಮ ಕ್ಲಬ್ಬಿನಲ್ಲಿ ಮಹಿಳೆಯರು ಅತಿಥಿಗಳಾಗಿ ಬಂದು ಆಡಬಹುದು, ಸದಸ್ಯರಾಗುವಂತಿಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಿಯಮಾವಳಿಯಿಂದ ‘ಪುರುಷ’ ಎಂಬ ಪದವನ್ನು ತೆಗೆದುಹಾಕುವ ನಿರ್ಣಯ ಮತಕ್ಕೆ ಬರಲಿದೆ; ಅದಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕು. ಮಹಿಳೆಯರು ಬಂದರೆ ಆಟ ನಿಧಾನವಾಗುತ್ತದೆ, ಹೊಸ ಕೋಣೆಗಳನ್ನು ಕಟ್ಟಿಸಲು ಶುಲ್ಕ ಏರುತ್ತದೆ, ಬಳಿಕ ಒಂದಲ್ಲ ಒಂದು ಮೊಕದ್ದಮೆ ತಪ್ಪಿದ್ದಲ್ಲ ಎಂದು ಒಂದು ಗುಂಪು ಹೇಳುತ್ತಿದೆ. ಇವತ್ತಲ್ಲ ನಾಳೆ ಕಾನೂನೇ ಒತ್ತಾಯಿಸುತ್ತದೆ, ಸುಮ್ಮನೆ ಒಪ್ಪಿಬಿಡೋಣ ಎಂಬುದು ಇನ್ನೊಂದು ಗುಂಪಿನ ವಾದ. ಮತದ ಹಕ್ಕಿಲ್ಲದ, ಶನಿವಾರ ಬೆಳಗಿನ ಆಟವಿಲ್ಲದ ‘ಸಹ ಸದಸ್ಯತ್ವ’ವನ್ನು ಮಹಿಳೆಯರಿಗೆ ಕೊಟ್ಟರೆ ಹಾವೂ ಸಾಯದು, ಕೋಲೂ ಮುರಿಯದು ಎನ್ನುವವರೂ ಇದ್ದಾರೆ. ನನ್ನ ಹೆಸರನ್ನು ಸದಸ್ಯತ್ವಕ್ಕೆ ಸೂಚಿಸಿದ ಹಿರಿಯರು ಈ ಪರದೇಶದಲ್ಲಿ ನನಗೆ ಅಣ್ಣನಂತೆ ಇದ್ದವರು. ಅವರು ನಿರ್ಣಯದ ವಿರುದ್ಧ ಮತ ಹಾಕೆಂದು ಕೇಳಿದ್ದಾರೆ. ಅವರ ಮಾತು ಮೀರಿದರೆ ಉಂಡ ಮನೆಗೆ ಎರಡು ಬಗೆದಂತಾಗುತ್ತದೆ. ಇತ್ತ ನನ್ನ ಮಗಳಿಗೆ 16 ವರ್ಷ, ಅವಳ ಹ್ಯಾಂಡಿಕ್ಯಾಪ್ 9 (ಈ ಅಂಕ ಕಡಿಮೆಯಿದ್ದಷ್ಟೂ ಆಟಗಾರರು ಉತ್ತಮ). ಮೊನ್ನೆ ನನ್ನ ಜತೆ ಆಡಿ ಹಿಂತಿರುಗುವಾಗ ಕಾರಿನಲ್ಲಿ ಕೇಳಿದಳು: ‘ಅಪ್ಪಾ, ನಿಮ್ಮ ಕ್ಲಬ್ಬಿನಾಗ ನಾ ಯಾವಾಗ್ಲೂ ಗೆಸ್ಟೇ ಏನು?’ ನನಗೆ ಉತ್ತರ ಕೊಡಲು ಆಗಲಿಲ್ಲ.

ಉತ್ತರ: ಡಾಕ್ಟರೇ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಕಾನೂನು ಏನು ಹೇಳುತ್ತದೆ, ಕ್ಲಬ್ಬಿನ ಒಳಗೆ ಓಡಾಡುತ್ತಿರುವ ಭಯಗಳಲ್ಲಿ ಹುರುಳೆಷ್ಟು, ಮತ್ತು ಋಣವಿರುವ ಹಿರಿಯರ ಎದುರು ನೀವು ಹೇಗೆ ನಡೆದುಕೊಳ್ಳಬೇಕು ಎಂಬುದು. ಬ್ರಿಟನ್ನಿನ ಕ್ಲಬ್ಬುಗಳಿಗೆ ನಿಯಮಾವಳಿ ಬರೆದುಕೊಡುವುದು, ತಿದ್ದಿಕೊಡುವುದು ನನ್ನ ದಿನನಿತ್ಯದ ಕೆಲಸ. ಇಂಥ ಮತದಾನಗಳ ಹಿಂದೂ ಮುಂದೂ ಕುಳಿತು ನೋಡಿದ್ದೇನೆ. ಮೊದಲ ಎರಡಕ್ಕೆ ನಾನು ಖಚಿತವಾಗಿ ಉತ್ತರಿಸಬಲ್ಲೆ. ಮೂರನೆಯದಕ್ಕೆ ಅನುಭವದಿಂದ ಒಂದೆರಡು ಮಾತು ಹೇಳಬಲ್ಲೆ.

ಕಾನೂನಿನಿಂದ ತೊಡಗುತ್ತೇನೆ, ಏಕೆಂದರೆ ನಿಮ್ಮ ಕ್ಲಬ್ಬಿನ ಎರಡೂ ಗುಂಪುಗಳು ಅದನ್ನು ತಪ್ಪಾಗಿ ತಿಳಿದುಕೊಂಡಿವೆ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿಗೆ ಅನ್ವಯಿಸುವ 2010ರ ಸಮಾನತಾ ಕಾಯ್ದೆಯು 25 ಅಥವಾ ಅದಕ್ಕಿಂತ ಹೆಚ್ಚು ಸದಸ್ಯರಿರುವ, ಸದಸ್ಯರನ್ನು ಆರಿಸಿಕೊಳ್ಳುವ ಕ್ರಮವೊಂದು ಇರುವ ಎಲ್ಲ ಕ್ಲಬ್ಬುಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಆದರೆ ಅದೇ ಕಾಯ್ದೆಯ 16ನೇ ಅನುಸೂಚಿಯು ಒಂದೇ ಲಿಂಗದವರಿಗೆ ಸದಸ್ಯತ್ವವನ್ನು ಮೀಸಲಿಡಲು ಕ್ಲಬ್ಬುಗಳಿಗೆ ಅನುಮತಿ ನೀಡುತ್ತದೆ. ಹಾಗಾಗಿ ಪುರುಷರಿಗೆ ಮಾತ್ರ ಇರುವ ಕ್ಲಬ್ಬು ಇಂದಿಗೂ ಕಾನೂನುಬದ್ಧವೇ. ಮಹಿಳೆಯರಿಗೆ ಮಾತ್ರ ಇರುವ ಕ್ಲಬ್ಬೂ ಹಾಗೆಯೇ: ಫೈಫ್ ಪ್ರಾಂತ್ಯದಲ್ಲಿ 1891ರಲ್ಲಿ ಹುಟ್ಟಿದ ಲುಂಡಿನ್ ಲೇಡೀಸ್ ಗಾಲ್ಫ್ ಕ್ಲಬ್ಬು ತನ್ನದೇ ಮೈದಾನ ಇಟ್ಟುಕೊಂಡು ನಡೆದುಬಂದಿರುವುದು ನಿಮಗೆ ತಿಳಿದಿರಬಹುದು. ‘ಕಾನೂನೇ ಒತ್ತಾಯಿಸುತ್ತದೆ’ ಎನ್ನುವವರ ಮಾತಿಗೆ ಇಂದಿನ ಕಾಯ್ದೆಯಲ್ಲಿ ಆಧಾರವಿಲ್ಲ. ಅದರ ಅರ್ಥ, ಈ ತೀರ್ಮಾನದ ಭಾರ ಪೂರ್ತಿಯಾಗಿ ಸದಸ್ಯರ ಮೇಲಿದೆ. ನ್ಯಾಯಾಲಯದ ಕಡೆ ಬೊಟ್ಟು ಮಾಡಿ ಯಾರೂ ಕೈ ತೊಳೆದುಕೊಳ್ಳುವಂತಿಲ್ಲ.

ಐರ್ಲೆಂಡಿನ ಅನುಭವವೂ ಇದನ್ನೇ ಹೇಳುತ್ತದೆ. ಡಬ್ಲಿನ್ ಬಳಿಯ ಪೋರ್ಟ್‌ಮಾರ್ನಕ್ ಕ್ಲಬ್ಬಿನ ಮೇಲೆ ಅಲ್ಲಿನ ಸಮಾನತಾ ಪ್ರಾಧಿಕಾರ ಮೊಕದ್ದಮೆ ಹೂಡಿ, ಕೆಳ ನ್ಯಾಯಾಲಯದಲ್ಲಿ ಗೆದ್ದು, ಕೊನೆಗೆ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಕ್ಲಬ್ಬಿನ ಪರ, ಇಬ್ಬರು ವಿರುದ್ಧ. ಹೀಗೆ ನ್ಯಾಯಾಲಯದಲ್ಲಿ ಗೆದ್ದ ಅದೇ ಕ್ಲಬ್ಬಿನ ಸದಸ್ಯರು 2021ರಲ್ಲಿ ತಾವಾಗಿಯೇ ಮತ ಹಾಕಿ ಮಹಿಳೆಯರಿಗೆ ಬಾಗಿಲು ತೆರೆದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಈ ಕಥೆಯಲ್ಲಿ ನೀವೂ ನಾನೂ ಇದ್ದೇವೆ. ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಭಾರತೀಯ ಮೂಲದ ಸದಸ್ಯರೊಬ್ಬರಿಗೆ ಅವರ ಮೈಬಣ್ಣದ ಕಾರಣಕ್ಕೆ ಪಕ್ಷದ್ದೇ ಕ್ಲಬ್ಬು ಸದಸ್ಯತ್ವ ನಿರಾಕರಿಸಿತು. ಮೊಕದ್ದಮೆ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಸದಸ್ಯರನ್ನು ನಿಜವಾಗಿ ಆರಿಸಿಕೊಳ್ಳುವ ಖಾಸಗಿ ಕ್ಲಬ್ಬು ಸಾರ್ವಜನಿಕ ಸ್ಥಳವಲ್ಲ, ಆದ್ದರಿಂದ ಜನಾಂಗ ಸಂಬಂಧಗಳ ಕಾಯ್ದೆ ಅದಕ್ಕೆ ತಾಗುವುದಿಲ್ಲ ಎಂದು 1973ರಲ್ಲಿ ತೀರ್ಪು ಬಂತು. ಸಂಸತ್ತು 1976ರಲ್ಲಿ ಹೊಸ ಕಾಯ್ದೆ ತಂದು ಆ ತೀರ್ಪನ್ನು ಬದಿಗೆ ಸರಿಸಿತು. 25 ಅಥವಾ ಅದಕ್ಕಿಂತ ಹೆಚ್ಚು ಸದಸ್ಯರಿರುವ ಕ್ಲಬ್ಬುಗಳು ಜನಾಂಗದ ಹೆಸರಿನಲ್ಲಿ ಯಾರನ್ನೂ ಹೊರಗಿಡದಂತಾಯಿತು. ಅದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ ಬಂದ ಲಿಂಗ ತಾರತಮ್ಯ ನಿಷೇಧ ಕಾಯ್ದೆಯಲ್ಲಿ ಖಾಸಗಿ ಕ್ಲಬ್ಬುಗಳನ್ನು ಮುಟ್ಟಲೇ ಇಲ್ಲ. ‘ಖಾಸಗಿ ಕ್ಲಬ್ಬಿನ ಒಳಗಿನ ವಿಚಾರ ಹೊರಗಿನವರಿಗೇಕೆ’ ಎಂಬ ವಾದವನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಏಕೆಂದರೆ ತಮಗೆ ಬೇಕಾದವರೊಡನೆ ಕೂಡುವ ಸ್ವಾತಂತ್ರ್ಯ ದೊಡ್ಡದು. ಆದರೆ 1973ರಲ್ಲಿ ಗೆದ್ದ ಆ ವಾದವೇ ಉಳಿದುಬಿಟ್ಟಿದ್ದರೆ ನಮ್ಮಂಥವರ ಅರ್ಜಿಗಳು ಯಾವ ಡಬ್ಬಿಯಲ್ಲಿ ಬಿದ್ದಿರುತ್ತಿದ್ದವು ಎಂಬುದನ್ನು ನಾನು ಮರೆಯಲಾರೆ.

ಇನ್ನು ಭಯಗಳ ವಿಚಾರ. ಆಟ ನಿಧಾನವಾಗುತ್ತದೆ ಎಂಬುದು ಹಳೆಯ ಆಕ್ಷೇಪ. 2016ರಲ್ಲಿ ಸ್ಕಾಟ್ಲೆಂಡಿನದೇ ಮ್ಯೂರ್‌ಫೀಲ್ಡ್ ಕ್ಲಬ್ಬು ಮಹಿಳೆಯರ ಸದಸ್ಯತ್ವದ ಬಗ್ಗೆ ಮತ ಹಾಕಿದಾಗ, ವಿರೋಧಿ ಗುಂಪು ಸದಸ್ಯರಿಗೆ ಬರೆದ ಪತ್ರದಲ್ಲೂ ಇದು ಇತ್ತು. ನಿಮಗೆ ಗೊತ್ತೇ ಇರುವಂತೆ, ಮೈದಾನದಲ್ಲಿ ಸಾಲು ಕಟ್ಟುವುದು ಮೊದಲ ಟೀಯಿಂದ (ಚೆಂಡನ್ನು ಮೊದಲು ಹೊಡೆಯುವ ಜಾಗ) ಗುಂಪುಗಳನ್ನು ಎಷ್ಟು ನಿಮಿಷಕ್ಕೊಮ್ಮೆ ಬಿಡುತ್ತಾರೆ, ಪ್ರತಿ ಗುಂಪಿನಲ್ಲಿ ಎಷ್ಟು ಜನ ಇದ್ದಾರೆ, ಕಳೆದುಹೋದ ಚೆಂಡನ್ನು ಎಷ್ಟು ಹೊತ್ತು ಹುಡುಕುತ್ತಾರೆ ಎಂಬುದರಿಂದ. ನಾಲ್ವರ ಗುಂಪುಗಳನ್ನು 8 ನಿಮಿಷಕ್ಕೊಂದರಂತೆ ಬಿಟ್ಟರೆ ಮೊದಲು ಸಿಗುವ ಪಾರ್ 3ರಲ್ಲೇ (ಮೂರು ಹೊಡೆತದಲ್ಲಿ ಮುಗಿಸಬೇಕಾದ ಚಿಕ್ಕ ಹೋಲ್) ಜನ ನಿಂತುಬಿಡುತ್ತಾರೆ, ಅವರು ಗಂಡಸರಾಗಿರಲಿ ಹೆಂಗಸರಾಗಿರಲಿ. 9 ಹ್ಯಾಂಡಿಕ್ಯಾಪಿನ ನಿಮ್ಮ ಮಗಳು 28 ಹ್ಯಾಂಡಿಕ್ಯಾಪಿನ ಗಂಡಸರ ಗುಂಪಿನ ಹಿಂದೆ ಆಡಿದರೆ ಕಾಯಬೇಕಾದವರು ಯಾರು? ಪುರುಷರಿಗೂ ಮಹಿಳೆಯರಿಗೂ ಪ್ರತಿ ಟೀಗೆ ಬೇರೆ ಬೇರೆ ಕೋರ್ಸ್ ರೇಟಿಂಗ್ (ಮೈದಾನ ಎಷ್ಟು ಕಠಿಣ ಎಂಬುದರ ಅಂಕ) ಇರುವುದರಿಂದ ಇಬ್ಬರೂ ಒಂದೇ ಪಂದ್ಯದಲ್ಲಿ ಆಡುವ ಲೆಕ್ಕವೂ ಈಗ ಕಷ್ಟವಲ್ಲ. ಸಮಿತಿಯು ಟೀ ಸಮಯದ ಅಂತರವನ್ನು 8ರಿಂದ 10 ನಿಮಿಷಕ್ಕೆ ಏರಿಸಿದರೆ ಈ ದೂರಿನ ಬಹುಪಾಲು ಕರಗುತ್ತದೆ. ಅದಕ್ಕೆ ನಿಯಮಾವಳಿಯ ತಿದ್ದುಪಡಿಯೂ ಬೇಡ.

ಕಟ್ಟಡದ ಖರ್ಚಿನ ಮಾತಿಗೆ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಲಹೆಗೆಂದು ಹೋಗಿದ್ದ ಕ್ಲಬ್ಬೊಂದರಲ್ಲಿ ಮಹಿಳೆಯರ ಕೋಣೆಗಾಗಿ ಕಟ್ಟಡವನ್ನೇ ವಿಸ್ತರಿಸಬೇಕೆಂದು ಅಂದಾಜುಪಟ್ಟಿ ಸಿದ್ಧವಾಗಿತ್ತು. ಈಗ ಅತಿಥಿಗಳಾಗಿ ಬರುವ ಮಹಿಳೆಯರು ಎಲ್ಲಿ ಬಟ್ಟೆ ಬದಲಿಸುತ್ತಾರೆ ಎಂದು ಕೇಳಿದೆ. ಕಾರ್ಯದರ್ಶಿಯವರು ಕಚೇರಿಯ ಗೋಡೆಯ ಮೊಳೆಯಿಂದ ಬೀಗದಕೈ ತೆಗೆದುಕೊಂಡು ಹಿಂಬದಿಯ ಓಣಿಗೆ ಕರೆದೊಯ್ದರು. ಬಾಗಿಲು ತೆರೆದರೆ ಆರು ಲಾಕರು, ಎರಡು ಸ್ನಾನದ ಗೂಡು, ಒಂದು ಉದ್ದನೆಯ ಕನ್ನಡಿ. ಅವುಗಳ ಮುಂದೆ ಮಡಚುವ ಕುರ್ಚಿಗಳ ರಾಶಿ, ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳು. ಕೋಣೆ ಇತ್ತು, ಉಗ್ರಾಣವಾಗಿತ್ತು ಅಷ್ಟೇ. ಎಲ್ಲ ಕ್ಲಬ್ಬುಗಳೂ ಹೀಗಿರುತ್ತವೆ ಎನ್ನುವುದಿಲ್ಲ. ಕೆಲವೆಡೆ ಖರ್ಚು ನಿಜವಾಗಿಯೂ ಬರುತ್ತದೆ. ಆದರೆ ಸಭೆಯಲ್ಲಿ ಯಾರಾದರೂ ಖರ್ಚಿನ ಗುಮ್ಮನನ್ನು ತೋರಿಸಿದರೆ, ಮೊದಲು ಆ ಓಣಿಯ ಬೀಗ ತೆಗೆಸಿ ನೋಡಿ.

ಮೊಕದ್ದಮೆಗಳ ಭಯದಲ್ಲಿ ಮಾತ್ರ ಒಂದು ಸತ್ಯ ಅಡಗಿದೆ, ಆದರೆ ಅದು ನಿಮ್ಮ ಗೆಳೆಯರು ಅಂದುಕೊಂಡ ಕಡೆ ಇಲ್ಲ. ಅಪಾಯ ಇರುವುದು ಪೂರ್ತಿ ಬಾಗಿಲು ತೆರೆಯುವುದರಲ್ಲಲ್ಲ, ಅರ್ಧ ತೆರೆಯುವುದರಲ್ಲಿ. ಮೇಲೆ ಹೇಳಿದ 16ನೇ ಅನುಸೂಚಿಯ ರಕ್ಷಣೆ ಸಿಗುವುದು ಸದಸ್ಯತ್ವವು ಒಂದೇ ಲಿಂಗದವರಿಗೆ ಸೀಮಿತವಾಗಿದ್ದಾಗ ಮಾತ್ರ. ‘ಸಹ’ ಎನ್ನಿ, ‘ಸಾಮಾಜಿಕ’ ಎನ್ನಿ, ಯಾವ ಹೆಸರಿನಲ್ಲಾದರೂ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡ ದಿನ ನಿಮ್ಮದು ಮಿಶ್ರ ಕ್ಲಬ್ಬು. ಮಿಶ್ರ ಕ್ಲಬ್ಬು ತನ್ನ ಸದಸ್ಯರ ನಡುವೆ ಲಿಂಗದ ಆಧಾರದಲ್ಲಿ ಸೌಲಭ್ಯಗಳನ್ನು ಹಂಚುವಂತಿಲ್ಲ. ಮತದ ಹಕ್ಕಿಲ್ಲದ, ಶನಿವಾರ ಬೆಳಗಿನ ಆಟವಿಲ್ಲದ, ಮಹಿಳೆಯರಿಗಷ್ಟೇ ಎಂದು ಬರೆದ ವರ್ಗವೊಂದನ್ನು ಸೃಷ್ಟಿಸಿದರೆ, ಇಂದು ಯಾರೂ ಪ್ರಶ್ನಿಸಲಾಗದ ಕ್ಲಬ್ಬು ನಾಳೆ ತನ್ನ ಸದಸ್ಯೆಯೊಬ್ಬರ ದೂರಿಗೆ ಸ್ಕಾಟ್ಲೆಂಡಿನ ಸ್ಥಳೀಯ ನ್ಯಾಯಾಲಯವಾದ ಶೆರಿಫ್ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಕ್ಲಬ್ಬು ಕಂಪನಿಯಾಗಿ ನೋಂದಣಿಯಾಗಿಲ್ಲದಿದ್ದರೆ ಅದಕ್ಕೆ ಪ್ರತ್ಯೇಕ ಕಾನೂನು ವ್ಯಕ್ತಿತ್ವವೂ ಇರುವುದಿಲ್ಲ. ಪರಿಹಾರದ ಹೊಣೆ ಸಮಿತಿಯವರ ಹೆಗಲಿಗೇ ಬರಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಈ ದಾರಿಯನ್ನು ನಾನು ಯಾವ ಕ್ಲಬ್ಬಿಗೂ ಸೂಚಿಸುವುದಿಲ್ಲ. ಅದು ಮಹಿಳೆಯರನ್ನು ಅವಮಾನಿಸುತ್ತದೆ, ಕ್ಲಬ್ಬನ್ನೂ ಕಾಪಾಡುವುದಿಲ್ಲ.

ಹಾಗೆಂದು ಎಲ್ಲರಿಗೂ ಒಂದೇ ಬಗೆಯ ಸದಸ್ಯತ್ವ ಇರಬೇಕೆಂದೇನೂ ಇಲ್ಲ. ವಾರದ ಐದು ದಿನ ಮಾತ್ರ ಆಡುವ, ಕಡಿಮೆ ಶುಲ್ಕದ ವರ್ಗವನ್ನು ಇಟ್ಟುಕೊಳ್ಳಿ. ಅದು ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ತೆರೆದಿರಲಿ, ಅಷ್ಟೇ ಷರತ್ತು. ದೈಹಿಕ ಬಲದ ವ್ಯತ್ಯಾಸ ಪರಿಣಾಮ ಬೀರುವ ಆಟಗಳಲ್ಲಿ ಪುರುಷರ ಪಂದ್ಯ, ಮಹಿಳೆಯರ ಪಂದ್ಯ ಎಂದು ಪ್ರತ್ಯೇಕ ಸ್ಪರ್ಧೆ ನಡೆಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ನಿಮ್ಮ ಕ್ಲಬ್ಬಿನ ಹಳೆಯ ಪುರುಷರ ಪದಕ ಎಲ್ಲಿಗೂ ಹೋಗುವುದಿಲ್ಲ.

ಈ ಪದ್ಧತಿ ಇಷ್ಟು ಗಟ್ಟಿಯಾಗಿ ಏಕೆ ಉಳಿಯಿತು ಎಂಬುದನ್ನೂ ನೋಡಬೇಕು. ಗಂಡಸರು ವಾರವಿಡೀ ದುಡಿದು ಶನಿವಾರ ಆಡುವವರು, ಹೆಂಗಸರು ಮಂಗಳವಾರವೋ ಬುಧವಾರವೋ ಆಡಬಲ್ಲವರು ಎಂಬ ಕಾಲದ ವೇಳಾಪಟ್ಟಿಯೇ ನಿಯಮವಾಗಿ ಗಟ್ಟಿಯಾಯಿತು. ಮಹಿಳೆಯರು 1893ರಲ್ಲೇ ತಮ್ಮದೇ ಲೇಡೀಸ್ ಗಾಲ್ಫ್ ಯೂನಿಯನ್ ಕಟ್ಟಿಕೊಂಡರು. ಅದು ಗಾಲ್ಫ್ ಆಟದ ಆಡಳಿತ ನೋಡಿಕೊಳ್ಳುವ, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಸಂಸ್ಥೆಯೊಡನೆ ವಿಲೀನವಾದದ್ದು 2017ರಲ್ಲಿ. ಇಂದು ನಿಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸಕಿಗೆ ಮಂಗಳವಾರ ಬಿಡುವಿರುವುದಿಲ್ಲ, ಆದರೆ ವೇಳಾಪಟ್ಟಿ ಹಾಗೇ ಉಳಿದಿದೆ. ಇನ್ನೊಂದು ಕಾರಣ ಹೆಚ್ಚು ಮನುಷ್ಯಸಹಜವಾದದ್ದು. ವಿರೋಧಿಸುವ ಹಿರಿಯರೊಡನೆ ಗಂಟೆಗಟ್ಟಲೆ ಕುಳಿತಾಗ ನನಗೆ ಕೇಳಿಸಿದ್ದು ದ್ವೇಷಕ್ಕಿಂತ ಹೆಚ್ಚಾಗಿ ಒಂಟಿತನದ ಹೆದರಿಕೆ. ಹೆಂಡತಿಯನ್ನು ಕಳೆದುಕೊಂಡವರು, ನಿವೃತ್ತರಾದವರು, ವಾರಕ್ಕೆರಡು ಸಲ ಅದೇ ಮೂವರು ಗೆಳೆಯರೊಡನೆ ಆಡಿ, ಅದೇ ಮೇಜಿನಲ್ಲಿ ಊಟ ಮಾಡುವುದರಲ್ಲಿ ಜೀವ ಹಿಡಿದುಕೊಂಡವರು ಅವರು. ಆ ಮೇಜು ಕೈತಪ್ಪುತ್ತದೆ ಎಂದು ಅವರಿಗೆ ಅನಿಸಿದೆ. ಅವರನ್ನು ಹಳೆಯ ಕಾಲದವರೆಂದು ಮೂದಲಿಸಿದರೆ ಮತ ಬದಲಾಗದು. ನಾಲ್ವರು ಗೆಳೆಯರು ತಮ್ಮಷ್ಟಕ್ಕೆ ಟೀ ಸಮಯ ಕಾದಿರಿಸಿ ಆಡುವುದನ್ನು, ಒಟ್ಟಿಗೆ ಕುಳಿತು ಊಟ ಮಾಡುವುದನ್ನು ಯಾವ ಕಾಯ್ದೆಯೂ ತಡೆಯುವುದಿಲ್ಲ ಎಂಬುದನ್ನು ಅವರಿಗೆ ತಾಳ್ಮೆಯಿಂದ ಹೇಳಬೇಕು.

ಮತದಾನದ ಲೆಕ್ಕಕ್ಕೆ ಬರೋಣ. ಮ್ಯೂರ್‌ಫೀಲ್ಡ್ ಮೈದಾನದ ಒಡೆತನ 1744ರಷ್ಟು ಹಳೆಯದಾದ ಆನರೆಬಲ್ ಕಂಪನಿ ಆಫ್ ಎಡಿನ್‌ಬರೋ ಗಾಲ್ಫರ್ಸ್ ಕ್ಲಬ್ಬಿನದು. 2016ರ ಮೇ ತಿಂಗಳಲ್ಲಿ ಅಲ್ಲಿ 397 ಸದಸ್ಯರು ಮಹಿಳೆಯರ ಪರವಾಗಿ, 219 ಸದಸ್ಯರು ವಿರುದ್ಧವಾಗಿ ಮತ ಹಾಕಿದರು. ಶೇ 64ರಷ್ಟು ಬೆಂಬಲವಿದ್ದರೂ ಮೂರನೇ ಎರಡರ ಗೆರೆ ದಾಟಲು 14 ಮತ ಸಾಲದೆ ನಿರ್ಣಯ ಬಿದ್ದುಹೋಯಿತು. ಅದೇ ದಿನ ಆರ್ ಅಂಡ್ ಎ ಸಂಸ್ಥೆಯು ಗಾಲ್ಫಿನ ಪ್ರಮುಖ ಪಂದ್ಯಾವಳಿಯಾದ ಓಪನ್ ಚಾಂಪಿಯನ್‌ಷಿಪ್ಪನ್ನು ಅಲ್ಲಿ ನಡೆಸುವುದಿಲ್ಲ ಎಂದು ಪ್ರಕಟಿಸಿತು. 2017ರ ಮಾರ್ಚಿನಲ್ಲಿ ಮತ್ತೆ ಮತದಾನ ನಡೆದಾಗ 498 ಮತ ಪರವಾಗಿ, 123 ವಿರುದ್ಧವಾಗಿ ಬಿದ್ದವು. ಲಂಡನ್ನಿನ ಲಾರ್ಡ್ಸ್ ಮೈದಾನದ ಎಂಸಿಸಿ ಕ್ರಿಕೆಟ್ ಕ್ಲಬ್ಬಿನಲ್ಲೂ 1998ರಲ್ಲಿ ಹೀಗೇ ಆಯಿತು: ಮೊದಲ ಸಲ ಬಹುಮತ ಬಂದರೂ ಮೂರನೇ ಎರಡರಷ್ಟು ಬರಲಿಲ್ಲ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂತು. ನಿಮ್ಮ ಕ್ಲಬ್ಬಿನಲ್ಲಿ ಮೊದಲ ಸಲ ನಿರ್ಣಯ ಬಿದ್ದರೂ ಕಥೆ ಮುಗಿಯಿತೆಂದು ಯಾವ ಕಡೆಯವರೂ ಅಂದುಕೊಳ್ಳಬಾರದು. ಆದರೆ ಒಂದು ವ್ಯತ್ಯಾಸ ಗಮನಿಸಿ. ಮ್ಯೂರ್‌ಫೀಲ್ಡಿಗೆ ಓಪನ್ ಕೈತಪ್ಪುವ ಒತ್ತಡವಿತ್ತು. ಅಮೆರಿಕದ ಅಗಸ್ಟಾ ನ್ಯಾಷನಲ್ ಕ್ಲಬ್ಬು ಮಹಿಳಾ ಸಂಘಟನೆಗಳು 2002ರಲ್ಲಿ ಎಬ್ಬಿಸಿದ ಪ್ರತಿಭಟನೆಗೆ ಜಗ್ಗದೆ, ಜಾಹೀರಾತುಗಳಿಲ್ಲದೆಯೇ ಮಾಸ್ಟರ್ಸ್ ಪಂದ್ಯ ಪ್ರಸಾರ ಮಾಡಿಸಿ, ಮೊದಲ ಇಬ್ಬರು ಮಹಿಳೆಯರನ್ನು ಸೇರಿಸಿಕೊಂಡದ್ದು 2012ರಲ್ಲಿ. ನಿಮ್ಮ ಊರಿನ ಕ್ಲಬ್ಬಿಗೆ ಪ್ರಾಯೋಜಕರೂ ಇಲ್ಲ, ಟಿವಿ ಕ್ಯಾಮೆರಾಗಳೂ ಇಲ್ಲ. ಅಲ್ಲಿ ಏನಾದರೂ ಬದಲಾದರೆ ಸದಸ್ಯರ ಮನಸ್ಸಿನಿಂದಲೇ ಆಗಬೇಕು.

ನಿರ್ಣಯ ಗೆದ್ದ ಮೇಲೆ ಬರುವ ತೊಡಕನ್ನು ಬಹಳ ಮಂದಿ ಮರೆಯುತ್ತಾರೆ. ಅದು ಕಾಯುವವರ ಪಟ್ಟಿ. ಎಂಸಿಸಿಯಲ್ಲಿ ಪೂರ್ಣ ಸದಸ್ಯತ್ವಕ್ಕೆ ದಶಕಗಳ ಸರದಿ ಇದ್ದುದರಿಂದ, 1999ರಲ್ಲಿ ಹತ್ತು ಮಹಿಳೆಯರಿಗೆ ಗೌರವ ಸದಸ್ಯತ್ವ ಕೊಟ್ಟ ಮೇಲೂ ಸಾಮಾನ್ಯ ಮಹಿಳಾ ಸದಸ್ಯರ ಸಂಖ್ಯೆ ಬಹು ನಿಧಾನವಾಗಿ ಬೆಳೆಯಿತು. ಹೆಸರು ಕೊಡುವುದಕ್ಕೇ ಅವಕಾಶವಿಲ್ಲದಿದ್ದವರನ್ನು ಸರದಿಯ ಬಾಲಕ್ಕೆ ನಿಲ್ಲಿಸಿದರೆ ನಿರ್ಣಯ ಕಾಗದದಲ್ಲಷ್ಟೇ ಉಳಿಯುತ್ತದೆ. ಮ್ಯೂರ್‌ಫೀಲ್ಡ್ 2019ರಲ್ಲಿ 12 ಮಹಿಳೆಯರನ್ನು ಆಹ್ವಾನಿಸಿ ಆರಂಭಿಸಿತು. 2022ರಲ್ಲಿ ಅಲ್ಲಿ ಮಹಿಳೆಯರ ಓಪನ್ ನಡೆದು ದಕ್ಷಿಣ ಆಫ್ರಿಕದ ಆ್ಯಶ್ಲೀ ಬುಹಾಯ್ ಗೆದ್ದರು. ಇಂಥ ಮೊದಲ ತಂಡವನ್ನು ಕರೆತರುವ ಉದ್ದೇಶ ಮತ್ತು ಕಾರಣಗಳನ್ನು ಬರವಣಿಗೆಯಲ್ಲಿ ಇಟ್ಟುಕೊಂಡು, ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ. ‘ಮಹಿಳೆಯರು ಶೇ 10ನ್ನು ಮೀರಬಾರದು’ ಎಂಬಂಥ ಮಿತಿಯನ್ನು ಮಾತ್ರ ಎಂದೂ ಬರೆಯಬೇಡಿ. ಮಿಶ್ರ ಕ್ಲಬ್ಬಿನಲ್ಲಿ ಅದು ನೇರ ತಾರತಮ್ಯ.

ನಿಮ್ಮ ಮಗಳ ಪ್ರಶ್ನೆಗೆ ಬಂದಾಗ ನನಗೆ ಜಪಾನಿನ ಕಸುಮಿಗಾಸೆಕಿ ಕ್ಲಬ್ಬು ನೆನಪಾಗುತ್ತದೆ. ಟೋಕಿಯೊ ಒಲಿಂಪಿಕ್ಸಿನ ಗಾಲ್ಫಿಗೆ ಗೊತ್ತಾಗಿದ್ದ ಆ ಕ್ಲಬ್ಬಿನಲ್ಲಿ ಮಹಿಳೆಯರಿಗೆ ಪೂರ್ಣ ಸದಸ್ಯತ್ವವೂ ಇರಲಿಲ್ಲ, ಭಾನುವಾರದ ಆಟವೂ ಇರಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒತ್ತಡ ಬಂದ ಮೇಲೆ 2017ರಲ್ಲಿ ನಿಯಮ ಬದಲಾಯಿತು. 2021ರ ಆಗಸ್ಟಿನಲ್ಲಿ ಅದೇ ಮೈದಾನದಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್, ತಾಯಿಯನ್ನೇ ಕ್ಯಾಡಿಯಾಗಿ (ಗಾಲ್ಫ್ ಚೀಲ ಹೊರುವ ಸಹಾಯಕರಾಗಿ) ಜತೆಗಿಟ್ಟುಕೊಂಡು ನಾಲ್ಕು ದಿನ ಆಡಿ, ಒಂದೇ ಒಂದು ಸ್ಟ್ರೋಕಿನಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಆ ಬೆಳಗಿನ ಜಾವ ಇಲ್ಲಿ ಎದ್ದು ಕುಳಿತು ಟಿವಿ ನೋಡಿದ್ದೇನೆ. ಕೊನೆಯ ಗ್ರೀನಿನಲ್ಲಿ ಅವರು ಚೆಂಡಿನ ಹಿಂದೆ ಕುಳಿತು ಇಳಿಜಾರು ಅಳೆಯುತ್ತಿದ್ದಾಗ, ನಾಲ್ಕೇ ವರ್ಷ ಹಿಂದಿನವರೆಗೆ ಈ ಕ್ಲಬ್ಬಿನ ಸದಸ್ಯರ ಪಟ್ಟಿಯಲ್ಲಿ ಇಂಥವರ ಹೆಸರಿಗೆ ಸಮಾನ ಸ್ಥಾನ ಇರಲಿಲ್ಲವಲ್ಲ ಎಂದು ಗಂಟಲು ಕಟ್ಟಿತ್ತು.

ನಿಮ್ಮ ಮತದ ಬಗ್ಗೆ ನೀವು ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಪದವನ್ನು ತೆಗೆಯುವ ನಿರ್ಣಯದ ಪರ ಮತ ಹಾಕಿ, ಸಹ ಸದಸ್ಯತ್ವದ ತಿದ್ದುಪಡಿ ಬಂದರೆ ಅದರ ವಿರುದ್ಧ ಮತ ಹಾಕಿ. ನಿರ್ಣಯ ಸೋತು ಕ್ಲಬ್ಬು ಇದ್ದಂತೆಯೇ ಇದ್ದರೂ ಕಾನೂನಿನ ಕಣ್ಣಲ್ಲಿ ಅದು ಸುರಕ್ಷಿತ. ಆದರೆ ಸಮುದಾಯಕ್ಕೆಲ್ಲ ತೆರೆದ ಕ್ರೀಡಾ ಕ್ಲಬ್ಬುಗಳಿಗೆ ಸಿಗುವ ತೆರಿಗೆ ರಿಯಾಯಿತಿಯಂಥವು ದೂರವೇ ಉಳಿಯುತ್ತವೆ, ಕಿರಿಯರನ್ನು ಕುಟುಂಬ ಸಮೇತ ಸೇರಿಸಿಕೊಳ್ಳುವ ನೆರೆಯ ಕ್ಲಬ್ಬುಗಳ ಕಡೆಗೆ ಹೊಸಬರು ಸರಿಯುತ್ತಾರೆ.

ನಿಮ್ಮ ಹಿರಿಯರ ವಿಚಾರದಲ್ಲಿ, ಸಭೆಯ ದಿನ ಅವರಿಗೆ ಆಶ್ಚರ್ಯವಾಗದಂತೆ ನೋಡಿಕೊಳ್ಳಿ. ಮತದಾನ ಗುಪ್ತವಾಗಿದ್ದರೂ ಮುಚ್ಚಿಡಬೇಡಿ. ಒಂದು ವಾರ ಮೊದಲೇ ಅವರ ಮನೆಗೆ ಹೋಗಿ, ನೀವು ಯಾವ ಕಡೆ ಮತ ಹಾಕುತ್ತೀರಿ ಮತ್ತು ಏಕೆ ಎಂಬುದನ್ನು ತಿಳಿಸಿ. 11 ವರ್ಷಗಳ ಹಿಂದೆ ಅವರು ಪರಿಚಯವಿಲ್ಲದ ಧಾರವಾಡದ ವೈದ್ಯನೊಬ್ಬನ ಹೆಸರನ್ನು ಅರ್ಜಿಯಲ್ಲಿ ಬರೆದಾಗ, ಸಮಿತಿಯಲ್ಲಿ ಯಾರೋ ಹುಬ್ಬು ಏರಿಸಿರಬಹುದು. ಅವರು ನಿಮ್ಮ ಪರವಾಗಿ ನಿಂತರು. ನಿಮಗಿರುವ ಋಣ ಅದರದ್ದು, ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಅದಕ್ಕೂ ಮೊದಲ ಶನಿವಾರ ಮಗಳನ್ನು ಅತಿಥಿಯಾಗಿ ಕರೆತಂದು, ನೀವು ಮೂವರೂ ಒಟ್ಟಿಗೆ 18 ಹೋಲ್ ಆಡಿ.

ಕೊನೆಗೆ ಒಂದು ಕೆಲಸ ಇಂದೇ ಮಾಡಿ. ತಿದ್ದುಪಡಿಯ ಕರಡನ್ನು ಕಾರ್ಯದರ್ಶಿಯವರಿಂದ ತರಿಸಿಕೊಂಡು ಕಿರಿಯರ ವಿಭಾಗದ ನಿಯಮವನ್ನು ಓದಿ. ಇಂಥ ಎಷ್ಟೋ ಕರಡುಗಳಲ್ಲಿ ಮುಖ್ಯ ನಿಯಮದಿಂದ ‘ಪುರುಷ’ ಎಂಬುದನ್ನು ತೆಗೆದು, ಕಿರಿಯರ ನಿಯಮದಲ್ಲಿ ‘ಸದಸ್ಯರ ಪುತ್ರರು’ ಎಂಬುದನ್ನು ಹಾಗೇ ಬಿಟ್ಟಿರುವುದನ್ನು ನಾನು ನೋಡಿದ್ದೇನೆ. ಮಗಳಿಗೆ 18 ತುಂಬುವವರೆಗೆ ಲೆಕ್ಕಕ್ಕೆ ಬರುವುದು ಆ ಸಾಲೇ. ಮಹಾಸಭೆಯ ಸೂಚನಾಪತ್ರ ಹೊರಡುವ ಮೊದಲು ಅದನ್ನು ‘ಮಕ್ಕಳು’ ಎಂದು ತಿದ್ದಿಸಿ. ಸಭೆಗೆ ಬಂದ ಮೇಲೆ ತಿದ್ದಲು ಬಹುತೇಕ ನಿಯಮಾವಳಿಗಳು ಬಿಡುವುದಿಲ್ಲ.